ಹೆಂಡತಿಯ ಹೇಳಿಕೆಗೆ ನಾನೇ ಪಂಚ

ನಮ್ಮ ದೇವಸಮುದ್ರದ ಕಡೆ ಹೇಳಿಕೆ ಅನ್ನುವ ಮಾತಿಗೆ ಎರಡೇ ಅರ್ಥ. ದೇವರು ಮೈಮೇಲೆ ಬಂದವರು ಕೊಡುವುದು ಒಂದು, ಠಾಣೆಯಲ್ಲಿ ಬರೆದುಕೊಳ್ಳುವುದು ಇನ್ನೊಂದು. ಮೂರನೆಯ ಅರ್ಥವೂ ಉಂಟೆಂದು ಚಳ್ಳಕೆರೆಯ ಒಂದು ಟೀಚರ್ ಟ್ರೈನಿಂಗ್ ಸಂಸ್ಥೆಯವರು ತಮ್ಮ ಅರ್ಜಿ ಫಾರಂನಲ್ಲಿ ಅಚ್ಚು ಹಾಕಿಸಿದ್ದರು. ಅದನ್ನು ಅವರು ಹಾಕಿಸದೇ ಇದ್ದಿದ್ದರೆ ನಾನು ಹೆಂಡತಿಯ ಅಣ್ಣನ ಕೈಯಲ್ಲಿ ಏಟು ತಿನ್ನುತ್ತಿರಲಿಲ್ಲ. ಆದ್ದರಿಂದ ಈ ಕಥೆಯಲ್ಲಿ ತಪ್ಪು ಯಾರದು ಎಂಬುದನ್ನು ನಾನು ಮೊದಲೇ ಸ್ಪಷ್ಟಪಡಿಸಿದ್ದೇನೆ.

ನಾನು ಬಾಲರಾಜ್. ಬಸ್ ಸ್ಟ್ಯಾಂಡಿನ ಹಿಂದೆ ಹಿಟ್ಟಿನ ಗಿರಣಿ ನಡೆಸುತ್ತೇನೆ. ನನ್ನ ಹೆಂಡತಿ ಗಂಗಲಕ್ಷ್ಮಿ ಪಿಯುಸಿ ಪಾಸು. ಟಿಸಿಎಚ್ ಮಾಡಿ ಟೀಚರ್ ಆಗಬೇಕೆಂಬುದು ಅವಳ ಒಂದೇ ಆಸೆ. ಎರಡು ವರ್ಷ ಅರ್ಜಿ ಹಾಕಿದಳು, ಎರಡು ವರ್ಷವೂ ಸಿಗಲಿಲ್ಲ. ಊರಿನವರು ನಕ್ಕರು. ಅದು ತೊಂಬತ್ತೇಳನೇ ಇಸವಿ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು. ಈ ಸಲ ಇಲ್ಲವೆಂದರೆ ಇನ್ನು ಇಲ್ಲ.

"ಈ ಸಲ ಯಾರಿಗೂ ಹೇಳಬ್ಯಾಡ್ರಿ. ಸೀಟು ಸಿಕ್ಕಮ್ಯಾಲೆ ಹೇಳಾನ. ಅತ್ತೆಗೂ ಬ್ಯಾಡ" ಎಂದಳು.

"ನನ್ನ ಬಾಯಿಂದ ಬಂದ್ರೆ ಕೇಳು" ಎಂದೆ. ಹಾಗೆಂದವನು ನಾನು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಕೊನೇ ದಿನದ ಹಿಂದಿನ ದಿನ ಫಾರಂ ತುಂಬಲು ಕೂತೆವು. ಹೆಸರು, ವಿಳಾಸ, ಜಾತಿ, ಅಂಕ ಎಲ್ಲ ಆಯಿತು. ಈ ಸಲ ಹೊಸದಾಗಿ ಸೇರಿಸಿದ್ದ ಹದಿನಾಲ್ಕನೇ ಕಾಲಮ್ಮಿಗೆ ಬಂದರೆ, "ಅಭ್ಯರ್ಥಿಯ ಸ್ವಂತ ಹೇಳಿಕೆ" ಎಂದಿತ್ತು. ಮುಂದೆ ಕಂಸದೊಳಗೆ ಇನ್ನೂ ಏನೋ ಇತ್ತು. ಕಂಸದೊಳಗಿನದನ್ನು ನಾನು ಓದುವವನಲ್ಲ. ಮುಖ್ಯವಾದ ವಿಷಯವನ್ನು ಯಾರಾದರೂ ಕಂಸದೊಳಗೆ ಬಚ್ಚಿಡುತ್ತಾರೆಯೇ?

ಹೇಳಿಕೆಯ ವಿಷಯದಲ್ಲಿ ಊರಿಗೆಲ್ಲ ನಾನೇ ತಿಳಿದವನು. ನಾಲ್ಕು ವರ್ಷದ ಹಿಂದೆ ಪಂಪ್‌ಸೆಟ್ ಕಳ್ಳತನವಾದಾಗ ಪೊಲೀಸರು ಮಹಜರು ಮಾಡಿದರಲ್ಲ, ಅದರಲ್ಲಿ ಪಂಚ ನಂಬರ್ ಎರಡು ನಾನೇ. ಬಾವಿಯ ದಂಡೆಯ ಮೇಲೆ ನಿಂತು ಸಹಿ ಹಾಕಿದ ಕೈ ಇದು. "ಹೇಳಿಕೆ ಅಂದ್ರೆ ಸ್ಟೇಟ್‌ಮೆಂಟು. ಅದಕ್ಕೆ ಕೆಳಗೆ ಪಂಚರ ಸಹಿ ಇಲ್ದಿದ್ರೆ ಅದು ನಿಲ್ಲಂಗಿಲ್ಲ" ಎಂದೆ.

"ಇದು ಅದಲ್ಲ ಕಣ್ರಿ. ಯಾಕೆ ಟೀಚರ್ ಆಗಬೇಕು ಅಂತ ನಾನೇ ಬರೀಬೇಕು ಅಷ್ಟೇ."

"ನಿಂಗೆ ಕಚೇರಿ ವ್ಯವಹಾರ ಏನು ಗೊತ್ತು?"

ಅವಳು ಗೋಡೆ ಕಡೆ ತಿರುಗಿ ಕೂತು ಒಂದು ಪುಟ ಬರೆದಳು. ನಾನು ಕತ್ತು ಚಾಚಿದರೆ ಅಂಗೈ ಅಡ್ಡ ಇಟ್ಟಳು. "ನೀವು ಓದಬ್ಯಾಡ್ರಿ, ನನಗೆ ನಾಚಿಕೆ" ಎಂದಳು. ಓದುವುದಿಲ್ಲ ಎಂದು ಮಾತು ಕೊಟ್ಟೆ. ಅವಳು ನೀರಿಗೆ ಹೋದಾಗ ಕವರಿನಿಂದ ಹಾಳೆ ತೆಗೆದೆ, ಮೇಲಿನ ಬರಹದ ಮೇಲೆ ಟವೆಲ್ ಮುಚ್ಚಿದೆ. ಕೆಳಗೆ ಖಾಲಿ ಇದ್ದ ಜಾಗದಲ್ಲಿ, "ಮೇಲ್ಕಂಡ ಹೇಳಿಕೆಯನ್ನು ಓದಿಸಿ ಕೇಳಿದೆನು, ಸರಿ ಇರುತ್ತದೆ. ಪಂಚರು: ೧. ಬಾಲರಾಜ್ ಬಿನ್ ಓಬಯ್ಯ, ೨." ಎಂದು ಬರೆದು ಮತ್ತೆ ಕವರಿಗೆ ಹಾಕಿದೆ. ಮಾತಿಗೆ ತಪ್ಪಲಿಲ್ಲ. ಒಂದಕ್ಷರವನ್ನೂ ಓದಲಿಲ್ಲ. ಎರಡನೇ ಪಂಚನೊಬ್ಬ ಬೇಕಾಗಿತ್ತು, ಅಷ್ಟೇ.

ಮಧ್ಯಾಹ್ನ ಗಿರಣಿಗೆ ಬೋರಕ್ಕ ರಾಗಿ ತಂದಳು. ಎದುರು ಮನೆಯ ಬೋರಕ್ಕ ಒಳ್ಳೆಯವಳು, ಕಿವಿಯೂ ಚುರುಕು. ಆದರೆ ಗಿರಣಿ ಓಡುವಾಗ ಯಾರ ಕಿವಿಯೂ ಚುರುಕಲ್ಲ. ನಾನು ಕಿರುಚಿದೆ. "ಬೋರಕ್ಕಾ! ನಾಳೆ ಗಂಗಿ ಚಳ್ಳಕೆರೇಲಿ ಹೇಳಿಕೆ ಕೊಡ್ತಾಳೆ!"

"ಯಾವ ದ್ಯಾವ್ರಪ್ಪ?"

"ದೇವರಲ್ಲ! ಸ್ಟೇಟ್‌ಮೆಂಟು! ನೀನೊಂದು ಸಾಕ್ಷಿ ಹೆಬ್ಬೆಟ್ಟು ಹಾಕು!"

ಬೋರಕ್ಕ ಎರಡು ಹೆಜ್ಜೆ ಹಿಂದೆ ಹೋದಳು. "ಅಯ್ಯೋ ದೇವುಡಾ! ನಾನೇನೂ ಕಂಡಿಲ್ಲ ಕಣಪ್ಪ! ನಿಮ್ಮಿಬ್ಬರ ಮಧ್ಯ ಏನಾತೋ, ನನ್ನ ಕಣ್ಣಾಗೆ ಪೊರೆ ಬಂದೈತೆ!"

ಹಿಟ್ಟು ಇನ್ನೂ ಬೀಳುತ್ತಿತ್ತು. ಡಬ್ಬ ಬಿಟ್ಟು ಓಡಿಯೇ ಹೋದಳು. ಹೆಂಗಸರಿಗೆ ಕಚೇರಿ ಕಾಗದವೆಂದರೆ ಹೆದರಿಕೆ ಎಂದುಕೊಂಡು ನಾನು ಬೆಲ್ಟ್ ಸರಿಮಾಡಿದೆ.

ಸಂಜೆಯಾಗುವ ಹೊತ್ತಿಗೆ ಗಿರಣಿಗೆ ಬಂದವರೆಲ್ಲ ನನ್ನನ್ನು ಒಂಥರಾ ನೋಡತೊಡಗಿದರು. ಜೋಳ ಸುರಿಯುವಾಗ ಒಬ್ಬಳು "ಸಣ್ಣಗೆ ಬೀಸು" ಎನ್ನುವ ಬದಲು "ನೋಡಿದ್ರೆ ಹಂಗೆ ಕಾಣಂಗಿಲ್ಲ" ಎಂದಳು. ಆಮೇಲೆ ಹಾಲೇಶಪ್ಪನವರು ಬಂದರು. ಹಿಂದೆ ಮಂಡಲ ಪಂಚಾಯ್ತಿ ಮೆಂಬರ್ ಆಗಿದ್ದವರು, ಊರಿನ ಎಲ್ಲ ರಾಜಿಗೂ ಇವರೇ. ಗಿರಣಿ ನಿಲ್ಲಿಸಲು ಹೇಳಿ ಮೂಟೆಯ ಮೇಲೆ ಕೂತರು.

"ಬಾಲರಾಜ, ಗಂಗಮ್ಮ ಹೇಳಿಕೆ ಕೊಡ್ತಾಳಂತೆ. ಹೌದಾ?"

"ಹೌದ್ರಿ. ನಾಳೆ ಸಂಜೆ ಐದರ ಒಳಗೆ."

"ಯಾರ ಒತ್ತಾಯನಪ್ಪ ಇದು?"

"ಒತ್ತಾಯ ನಂದೇ ಅನ್ಕಳ್ರಿ. ಮದುವೆ ಆದಾಗಿಂದ ಹಿಂದೆ ಬಿದ್ದಿದೀನಿ."

ಹಾಲೇಶಪ್ಪನವರು ಶಿವ ಶಿವಾ ಎಂದರು. "ಎಷ್ಟು ವರ್ಷ ಆಗ್ಬಹುದು?"

"ಎರಡು ವರ್ಷ. ಅದಕ್ಕಿಂತ ಕಡಿಮೆ ಇಲ್ಲ."

"ಎರಡು ವರ್ಷ! ಒಳಾಗೇ ಇರಬೇಕಾ?"

"ಒಳಗಿದ್ರೆ ಒಳ್ಳೇದು. ಊಟ ಅಲ್ಲೇ ಕೊಡ್ತಾರೆ. ದಸರಾಕ್ಕೆ ಮನೆಗೆ ಬಿಡ್ತಾರೆ."

"ಇಷ್ಟು ಧೈರ್ಯವಾಗಿ ಹೇಳ್ತೀಯಲ್ಲೋ! ಇನ್ನೂ ಹೊತ್ತು ಮೀರಿಲ್ಲ. ತಪ್ಪು ಒಪ್ಕಂಡು ರಾಜಿ ಮಾಡ್ಕ."

"ತಪ್ಪು ಒಂದೂ ಇಲ್ರಿ. ಇದ್ರೂ ಈಗ ತಿದ್ದಕಾಗಲ್ಲ. ನಾನೇ ಕೆಳಗೆ ಸಹಿ ಹಾಕಿಬಿಟ್ಟಿದೀನಿ."

ಅವರು ಎದ್ದು ಪಂಚೆ ಕೊಡವಿಕೊಂಡು ನೇರವಾಗಿ ಎಸ್‌ಟಿಡಿ ಬೂತಿಗೆ ಹೋದರು. ನಾಯಕನಹಟ್ಟಿಯಲ್ಲಿ ಗಂಗಿಯ ಅಣ್ಣ ಗೋವರ್ಧನನಿಗೆ ಫೋನು ಮಾಡಿದರು ಎಂಬುದು ನನಗೆ ಮಾರನೇ ದಿನ ಕೆನ್ನೆಯ ಮೂಲಕ ಗೊತ್ತಾಯಿತು.

ಮನೆಗೆ ಬಂದರೆ ನನ್ನ ಅವ್ವ ಜುಂಜಮ್ಮ ಕುರಿ ಕೂಡಿಹಾಕಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನ್ಲೇ, ಗಂಗಿ ಚಳ್ಳಕೆರೆಗೆ ಹೋಗಿ ಹೇಳಿಕೆ ಕೊಡ್ತಾಳಂತೆ?"

"ಹೂಂ ಅವ್ವ. ನಾಳೆ ಕೊಟ್ರೆ ಮುಗೀತು" ಎಂದೆ. ಯಾತಕ್ಕೆ ಎಂದು ಮಾತ್ರ ಹೇಳಲಿಲ್ಲ. ಗುಟ್ಟು ಗುಟ್ಟೇ.

ಆ ದಿನ ನನ್ನ ತಟ್ಟೆಗೆ ಎರಡು ಮುದ್ದೆ ಜಾಸ್ತಿ ಬಿತ್ತು. ನನಗಾಗ ಸಂತೋಷವೇ ಆಯಿತು.

ಬೆಳಿಗ್ಗೆ ಎಂಟಕ್ಕೆ ಗಂಗಿ ಕವರ್ ಇಟ್ಟಿದ್ದ ಟ್ರಂಕು ತೆಗೆದಳು. ಕವರ್ ಇರಲಿಲ್ಲ. ಸೀರೆಗಳನ್ನೆಲ್ಲ ಎತ್ತಿ ಕೊಡವಿದಳು, ಪಾತ್ರೆ ಹಿಂದೆ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ನಾನಲ್ಲ" ಎಂದೆ.

ಹಟ್ಟಿಯಲ್ಲಿ ಕುರಿಗಳು ಒಂದೇ ಸಮನೆ ಅರಚುತ್ತಿದ್ದವು. ಸೂರ್ಯ ಮೇಲೆ ಬಂದರೂ ಅವನ್ನು ಬಿಟ್ಟಿರಲಿಲ್ಲ. ಅವ್ವನೂ ಇಲ್ಲ, ಅವ್ವನ ಚಪ್ಪಲಿಯೂ ಇಲ್ಲ. ಊರೆಲ್ಲ ಸುತ್ತಿ ಬಂದೆವು. ಹತ್ತಾಯಿತು, ಹನ್ನೊಂದಾಯಿತು. ಗಂಗಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಹೊಸ್ತಿಲ ಮೇಲೆ ಕೂತು ಬೆರಳಲ್ಲಿ ನೆಲದ ಮೇಲೆ ಏನೋ ಗೀಚಿ ಗೀಚಿ ಅಳಿಸುತ್ತಿದ್ದಳು. ನನಗೆ ಆಗ ನಿಜವಾಗಿಯೂ ಭಯವಾಯಿತು.

ಅಷ್ಟರಲ್ಲಿ ಗೋವರ್ಧನ ಬಸ್ಸಿಳಿದು ಬಂದ. ನಾನು "ಬಾ ಭಾವ, ಒಳ್ಳೇ ಟೈಮಿಗೆ ಬಂದೆ" ಎಂದೆ. ಅವನು ಒಳ್ಳೆಯ ಟೈಮಿಗೇ ಬಂದಿದ್ದ. ಕೆನ್ನೆಗೆ ಬಿದ್ದ ಏಟಿಗೆ ನನ್ನ ತಲೆಯಲ್ಲಿದ್ದ ಹಿಟ್ಟೆಲ್ಲ ಒಂದೇ ಸಲ ಹಾರಿತು.

"ಲೇ, ನನ್ನ ತಂಗಿ ಸ್ಟೇಷನ್ ಮೆಟ್ಟಿಲು ಹತ್ತಂಗೆ ಮಾಡಿದೀಯಲ್ಲಾ! ಏನ್ ಮಾಡ್ದೆ ಅವಳಿಗೆ, ಬೊಗಳು!"

"ಏನೂ ಮಾಡಿಲ್ಲ! ಸಹಿ ಮಾತ್ರ ಹಾಕಿದೀನಿ!"

ಎರಡನೇ ಏಟಿಗೆ ಎತ್ತಿದ ಕೈಯನ್ನು ಗಂಗಿ ಹಿಡಿದಳು. "ಅಣ್ಣಾ, ಯಾವ ಸ್ಟೇಷನ್ನು? ಯಾರು ಹೇಳಿದ್ದು?" ಎಂದಳು. ಅವನು ಹೇಳಿದ. ಅವಳು ನಿಧಾನವಾಗಿ ನನ್ನ ಕಡೆ ತಿರುಗಿದಳು.

"ನೀವು ಯಾರಿಗೆ ಏನ್ ಹೇಳಿದ್ರಿ?"

"ಯಾರಿಗೂ ಏನೂ ಹೇಳಿಲ್ಲ ಗಂಗಿ. ಹೇಳಿಕೆ ಅಂತ ಮಾತ್ರ ಅಂದೆ."

ಹಿಂದಿನಿಂದ ಹಾಲೇಶಪ್ಪನವರು ಕೆಮ್ಮಿದರು. ಏಟಿನ ಸದ್ದಿಗೆ ಅರ್ಧ ಊರು ಸೇರಿತ್ತು. "ಜುಂಜಮ್ಮನ್ನ ಹುಡುಕ್ತಿದೀರಾ? ಅವಳು ಬೆಳಿಗ್ಗೆ ಆರೂವರೆಗೇ ಚಳ್ಳಕೆರೆ ಬಸ್ಸು ಹತ್ತಿದಳಪ್ಪ, ಸೆರಗಿನಾಗೆ ಒಂದು ಕವರ್ ಇಟ್ಕಂಡು. ಮಗನ್ನ ಬಿಡಿಸ್ಕಂಡು ಬರ್ತೀನಿ ಅಂದಳು."

"ನಾನು ಇಲ್ಲೇ ಇದೀನಲ್ರಿ!"

"ಹಿಡಿಯೋಕೆ ಮುಂಚೇನೇ ಬಿಡಿಸ್ಕಂಡು ಬರ್ತಾಳಂತೆ."

ಹನ್ನೊಂದೂವರೆ ಬಸ್ಸು ಬರಲಿಲ್ಲ. ಒಂದು ಗಂಟೆಗೆ ಬಂದ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಗೋವರ್ಧನ ನಮ್ಮಿಬ್ಬರ ಮಧ್ಯೆ ನಿಂತ. ವಿಷಯ ತಿಳಿದ ಮೇಲೂ ಅವನು ನನ್ನ ಕಾಲರ್ ಪೂರ್ತಿ ಬಿಟ್ಟಿರಲಿಲ್ಲ. ದಾರಿಯಲ್ಲಿ ಟೈರ್ ಪಂಚರ್ ಆಯಿತು. ಕಂಡಕ್ಟರ್ "ಪಂಚರ್, ಎಲ್ಲ ಇಳೀರಿ" ಎಂದಾಗ ಗಂಗಿ ನನ್ನ ಮುಖ ನೋಡಿದ ರೀತಿಗೆ ನಾನೇ ಇಳಿದು ಜ್ಯಾಕ್ ಹಿಡಿದೆ. ಚಳ್ಳಕೆರೆ ಮುಟ್ಟಿದಾಗ ನಾಲ್ಕು ಗಂಟೆ.

ಠಾಣೆಗೆ ಓಡಿದೆವು. ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ಬೆವರೊರೆಸಿಕೊಂಡ.

"ಕಂಬಳಿ ಹೊದ್ದ ಮುದುಕಮ್ಮನಾ? ಬಂದಿದ್ರು. ನನ್ನ ಮಗ ಕೆಟ್ಟೋನಲ್ಲ ಸಾಮಿ, ಬರೀ ಪೆದ್ದ, ಅವನ್ನ ಬಿಟ್ಬಿಡ್ರಿ ಅಂತ ಮೂರು ಗಂಟೆ ಕೂತಿದ್ರು. ಹಿಡಿದೇ ಇಲ್ವಲ್ಲಮ್ಮ ಅಂದ್ರೆ, ಹಂಗಾದ್ರೆ ಹಿಡಿದು ಬಿಡ್ರಿ ಅಂತಾರೆ! ಆ ಕವರ್ ಕೊಡಮ್ಮ ನೋಡ್ತೀನಿ ಅಂದ್ರೆ ಕೊಡಲ್ಲ. ಆಮೇಲೆ ತಾವೇ ಅದರ ಮೇಲಿನ ವಿಳಾಸ ಓದಿದ್ರು. 'ಶಿಕ್ಷಕರ' ಅನ್ನೋದರಲ್ಲಿ 'ಶಿಕ್ಷ' ಅಂತ ಅಷ್ಟೇ ಓದಿ ಅಳೋಕೆ ಶುರು ಮಾಡಿದ್ರು."

"ಯಾಕೆ?"

"ಶಿಕ್ಷೆ ಆಗೇ ಹೋಗೈತೆ, ಶಿಕ್ಷೆ ಕೊಡೋರು ಎಲ್ಲಿದಾರೆ ಅಲ್ಲಿಗೇ ಕಳಿಸ್ರಿ ಅಂದ್ರು. ನಾನು ವಿಳಾಸ ನೋಡಿ ಟ್ರೈನಿಂಗ್ ಸಂಸ್ಥೆಗೆ ದಾರಿ ತೋರಿಸ್ದೆ."

ಆ ದಾರಿಯಲ್ಲಿ ನಾವು ಮೂವರೂ ಓಡಿದೆವು. ಗಂಗಿ ಚಪ್ಪಲಿ ಕೈಯಲ್ಲಿ ಹಿಡಿದು ಎಲ್ಲರಿಗಿಂತ ಮುಂದೆ ಓಡಿದಳು. ಸಂಸ್ಥೆಯ ಗೋಡೆ ಗಡಿಯಾರ ನಾಲ್ಕು ಮೂವತ್ತೈದು ತೋರಿಸುತ್ತಿತ್ತು.

ಪ್ರಿನ್ಸಿಪಾಲರ ಕೋಣೆಯ ಬೆಂಚಿನ ಮೇಲೆ ಅವ್ವ ಕಾಲು ಮಡಿಚಿ ಕೂತಿದ್ದಳು. ಕಂಬಳಿ ಪಕ್ಕದಲ್ಲಿತ್ತು. ಎರಡೂ ಕೈಯಲ್ಲಿ ಗಂಗಿಯ ಹಾಳೆ ಹಿಡಿದು, ಹೆಬ್ಬೆರಳಿಂದ ಸಾಲು ಒತ್ತಿಕೊಂಡು, ತುಟಿ ಅಲ್ಲಾಡಿಸುತ್ತಿದ್ದಳು. ಎದುರಿಗೆ ಪ್ರಿನ್ಸಿಪಾಲರು ದ್ರಾಕ್ಷಾಯಣಮ್ಮ, ದಪ್ಪ ಕನ್ನಡಕದ ದೊಡ್ಡ ಹೆಂಗಸು, ಕೆನ್ನೆಗೆ ಕೈಯಿಟ್ಟು ನೋಡುತ್ತಿದ್ದರು. ಗುಮಾಸ್ತ ಫಾರಂ ಹಿಡಿದು ಪಕ್ಕದಲ್ಲಿ ನಿಂತಿದ್ದ.

"ಎರಡು ಗಂಟೆಯಿಂದ ಓದುತ್ತಿದ್ದಾರೆ. ಮಗನ ಹೆಸರು ಇದರಲ್ಲಿ ಎಲ್ಲಿದೆ ಅಂತ ಹುಡುಕುತ್ತಿದ್ದಾರಂತೆ. ನಾನು ಓದಿ ಹೇಳ್ತೀನಿ ಅಂದರೆ ಹಾಳೆ ಕೊಡೋದಿಲ್ಲ" ಎಂದರು ದ್ರಾಕ್ಷಾಯಣಮ್ಮ.

"ನೀವು ಹೆಸರು ಹಾರಿಸಿ ಓದಿದ್ರೆ? ನಾನೇ ಓದ್ತೀನಿ" ಎಂದಳು ಅವ್ವ, ತಲೆಯೆತ್ತದೆ.

ಗುಮಾಸ್ತ ಹಿಂದಿನಿಂದ ಬಗ್ಗಿ ನೋಡಿ ಹಾಳೆಯ ಬುಡಕ್ಕೆ ಬೆರಳಿಟ್ಟ. "ಮೇಡಂ, ಇದು ತಗಳಕ್ಕೆ ಬರಲ್ಲ. ಇದರಲ್ಲಿ ಎರಡು ಕೈಬರಹ ಐತೆ. ಪಂಚರು ಅಂತ ಬೇರೆ ಬರೆದಾರೆ! ಅಭ್ಯರ್ಥಿಯ ಸ್ವಹಸ್ತಾಕ್ಷರದಲ್ಲಿ ಮಾತ್ರ, ಬೇರೆ ಬರಹವಿದ್ದರೆ ಅರ್ಜಿ ತಿರಸ್ಕೃತ ಅಂತ ಕಂಸದೊಳಗೆ ಸ್ಪಷ್ಟವಾಗಿ ಹಾಕಿದೀವಿ."

ಗೋವರ್ಧನನ ಕೈ ಮತ್ತೆ ನನ್ನ ಕಾಲರಿಗೆ ಬಂತು. ಗಂಗಿ ನನ್ನನ್ನು ಬೈಯಲಿಲ್ಲ. "ಇದನ್ನೂ ಮಾಡಿದ್ರಾ?" ಎಂದಳು, ಅಷ್ಟೇ. ನಲವತ್ತು ಊರಿನ ಜನ ಸೇರಿ ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ದ್ರಾಕ್ಷಾಯಣಮ್ಮ ಗಡಿಯಾರ ನೋಡಿದರು. ನಾಲ್ಕು ನಲವತ್ತು. "ಐದರವರೆಗೆ ಸಮಯವಿದೆ. ಬೇರೆ ಹಾಳೆಯಲ್ಲಿ ಬರೆದು ಕೊಡಮ್ಮ. ಐದರ ಮೇಲೆ ಒಂದು ನಿಮಿಷವಾದರೂ ನಾನು ತೆಗೆದುಕೊಳ್ಳುವುದಿಲ್ಲ."

ಗಂಗಿ ಪೆನ್ನು ಹಿಡಿದಳು. "ಏನ್ ಬರೆದಿದ್ದೆನೋ ಒಂದೂ ನೆನಪಾಗ್ತಿಲ್ಲ. ಅತ್ತೆ, ಆ ಹಾಳೆ ಕೊಡ್ರಿ."

"ನನ್ನ ಮಗನ ಹೆಸರು ಸಿಗೋವರ್ಗೂ ಕೊಡಾಕಿಲ್ಲ!"

"ಹಂಗಾದ್ರೆ ಗಟ್ಟಿಯಾಗಿ ಓದ್ರಿ ಅತ್ತೆ. ಮೊದಲಿಂದ. ನಾನು ಬರ್ಕಂತೀನಿ."

ಹೀಗೆ, ನನ್ನ ಹೆಂಡತಿಯ ಹಣೆಬರಹವನ್ನು ನನ್ನ ತಾಯಿ ಅಕ್ಷರ ಅಕ್ಷರವಾಗಿ ಓದತೊಡಗಿದಳು.

"ನಾ... ನು... ಈ... ವರೆಗೆ... ಒ... ಬ... ಬರಿಗೆ..."

"ಒಬ್ಬರಿಗೆ" ಎಂದೆ ನಾನು.

"ನಿಂಗೇನು ಗೊತ್ತು, ಸುಮ್ನಿರ್ಲೇ. ಒಬ್ಬರಿಗೆ... ಮಾ... ತ್ರ... ಓದು... ಕಲಿ... ಸಿದ್ದೇನೆ. ಅ... ವರು... ನನ್ನ... ಅತ್ತೆ."

ಅವ್ವ ನಿಲ್ಲಿಸಿದಳು. ಹಾಳೆಯಿಂದ ಮುಖ ಎತ್ತಿದಳು. "ನನ್ನ ಅತ್ತೆ ಅಂದ್ರೆ ನಾನಲ್ವಾ? ಅಯ್ಯೋ, ಹೇಳಿಕೆ ನನ್ನ ಮ್ಯಾಲೆನಾ ಕೊಟ್ಟಿರೋದು?"

"ಓದ್ರಿ ಅತ್ತೆ!" ಗಂಗಿಯ ಕಣ್ಣು ಗಡಿಯಾರದ ಮೇಲಿತ್ತು. ನಾಲ್ಕು ನಲವತ್ತೆಂಟು.

"ಕು... ರಿ... ಮೇಯಿಸು... ವಾಗ... ನೆ... ಲದ... ಮೇಲೆ... ಕಡ್ಡಿ... ಯಲ್ಲಿ... ಬರೆದು... ಕಲಿತರು. ಗಾಳಿ... ಅಳಿಸು... ತ್ತಿತ್ತು. ಮತ್ತೆ... ಬರೆಯು... ತ್ತಿದ್ದೆವು."

ಇಲ್ಲಿ ಅವ್ವನ ದನಿ ಬದಲಾಯಿತು. ಮುಂದಿನ ಸಾಲನ್ನು ಯಾರಿಗೂ ಕಾಯದೆ ಓದಿದಳು. "ಮೂರು ವರ್ಷ ಹಿಡಿಯಿತು. ಒಂದು ದಿನ ಅವರು ಬಸ್ಸಿನ ಬೋರ್ಡು ತಾವೇ ಓದಿ ತಂಗಿಯ ಊರಿಗೆ ಒಬ್ಬರೇ ಹೋಗಿ ಬಂದರು. ಅವತ್ತು... ನನಗೆ... ಟೀಚರ್... ಆಗಬೇಕು... ಅನಿಸಿತು."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಗಿ ಒರೆಸಿಕೊಳ್ಳಲಿಲ್ಲ. ಕೈ ಬಿಡುವಿರಲಿಲ್ಲ. ಗೋವರ್ಧನ ನನ್ನ ಕಾಲರ್ ಬಿಟ್ಟು ಅದೇ ಕೈಯಿಂದ ಮೂಗು ಒರೆಸಿಕೊಂಡ. ನಾಲ್ಕು ಐವತ್ತಾರು.

"ಇನ್ನೆಷ್ಟು ಸಾಲಿದೆಯಮ್ಮ?" ದ್ರಾಕ್ಷಾಯಣಮ್ಮ ಎದ್ದು ನಿಂತಿದ್ದರು.

"ಎರಡು. ನನ್ನ... ಗಂ... ಡ..." ಅವ್ವ ಚಂಗನೆ ನೆಟ್ಟಗೆ ಕೂತಳು. "ಸಿಕ್ತು! ಹೆಸರು ಹಾಕಿಲ್ಲ, ಗಂಡ ಅಂತ ಹಾಕಿದಾಳೆ. ಇದೇ ಕಣ್ರಿ!"

ನನ್ನ ಎದೆ ಗಿರಣಿಯಂತೆ ಹೊಡೆದುಕೊಳ್ಳತೊಡಗಿತು. ಹೆಂಡತಿ ನನ್ನ ಬಗ್ಗೆ ಸರ್ಕಾರಿ ಕಾಗದದಲ್ಲಿ ಬರೆದಿದ್ದಾಳೆ! ನಾನು ಕೂದಲು ಸರಿಮಾಡಿಕೊಂಡೆ.

"ನನ್ನ ಗಂಡ... ನಿಗೆ... ಕಲಿಸು... ವುದು... ಬಹಳ... ಕ... ಷ್ಟ. ಅವರಿಗೆ... ಎಲ್ಲ... ಗೊತ್ತಿದೆ. ಆದರೂ... ನಾನು... ಕೈ... ಬಿಟ್ಟಿಲ್ಲ."

ಮೊದಲು ನಕ್ಕವನು ಗುಮಾಸ್ತ. ಆಮೇಲೆ ಗೋವರ್ಧನ. ದ್ರಾಕ್ಷಾಯಣಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಪಂಚ ನಂಬರ್ ಒಂದು ನೀವೇನಾ?" ಎಂದರು.

"ಹೌದ್ರಿ."

"ಓದಿಸಿ ಕೇಳಿದಿರಾ? ಸರಿ ಇದೆಯಾ?"

"ಸರಿ ಐತ್ರಿ" ಎಂದೆ. ನನ್ನ ಜೀವಮಾನದಲ್ಲಿ ಕೊಟ್ಟ ಸರಿಯಾದ ಸಾಕ್ಷಿ ಅದೊಂದೇ.

ಗಂಗಿ ಸಹಿ ಹಾಕಿದಾಗ ನಾಲ್ಕು ಐವತ್ತೊಂಬತ್ತು. ಗುಮಾಸ್ತ ಮುದ್ರೆ ಒತ್ತಿದಾಗ ಗಡಿಯಾರ ಐದು ಹೊಡೆಯುತ್ತಿತ್ತು. ಸ್ವೀಕೃತಿ ಚೀಟಿಯನ್ನು ಅವ್ವನೇ ಈಸಿಕೊಂಡು ಸೆರಗಿನಲ್ಲಿ ಕಟ್ಟಿದಳು. ಬಸ್ಸಿನಲ್ಲಿ ನನ್ನ ಪಕ್ಕ ಕೂತು ತಲೆ ಸವರಿದಳು. "ನಾನೂ ಅಲ್ಲಿ ಅದನ್ನೇ ಹೇಳಿದ್ದು ಕಣ್ಲೇ, ಕೆಟ್ಟೋನಲ್ಲ ಅಂತ" ಎಂದಳು. ಗಂಗಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು.

ಒಂದೂವರೆ ತಿಂಗಳ ಮೇಲೆ ಸಂಸ್ಥೆಯಿಂದ ಒಂದು ಕಾಗದ ಬಂತು. ಗಂಗಿ ಒಡೆದು ನೋಡಲಿಲ್ಲ, ಅವ್ವನ ಕೈಗೆ ಕೊಟ್ಟಳು. "ನೀವೇ ಓದ್ರಿ ಅತ್ತೆ, ನನಗೆ ಭಯ" ಎಂದಳು. ಬೋರಕ್ಕ, ಹಾಲೇಶಪ್ಪನವರು, ಹಿಟ್ಟು ಹಾಕಿಸಲು ಬಂದವರು ಎಲ್ಲ ಗಿರಣಿ ಮುಂದೆ ಸೇರಿದರು. ನಾನು ಮೋಟಾರ್ ನಿಲ್ಲಿಸಿದೆ. ಅವ್ವ ವಿಳಾಸದಿಂದ ಶುರು ಮಾಡಿದಳು, ಕಂಸದೊಳಗಿನದನ್ನೂ ಬಿಡಲಿಲ್ಲ. ಕಾಲು ಗಂಟೆಯಾದ ಮೇಲೆ ಕೊನೇ ಸಾಲಿಗೆ ಬಂದಳು.

"ತಾವು... ತರ... ಬೇ... ತಿಗೆ... ಆ... ಯ..." ಹೆಬ್ಬೆರಳು ಅಲ್ಲೇ ನಿಂತಿತು. "ಇದೇನೋ ಒತ್ತು ಬಂದೈತಲ್ಲ."

ಅವಳ ಹೆಗಲ ಮೇಲಿಂದ ಆ ಪದ ನನಗೆ ಕಾಣುತ್ತಿತ್ತು. ಬಾಯಿಯ ತುದಿಗೆ ಬಂದಿತ್ತು. ಗಂಗಿ ಕಣ್ಣು ಮುಚ್ಚಿ ಸೆರಗು ಹಿಂಡುತ್ತಿದ್ದಳು. ನಾನು ಹಲ್ಲು ಕಚ್ಚಿ ಹಿಡಿದು ಸುಮ್ಮನೆ ನಿಂತೆ.

"ಆಯ... ಕೆ. ಆಯಕೆ ಆಗಿದ್ದೀರಿ" ಎಂದಳು ಅವ್ವ.

ಗಂಗಿ ಕಣ್ಣು ಬಿಟ್ಟಳು. "ಆಯಕೆ ಅಲ್ಲ ಅತ್ತೆ, ಆಯ್ಕೆ" ಎಂದಳು. "ಯಕ್ಕೆ ಕ ಒತ್ತು. ಇನ್ನೊಂದು ಸಲ ಓದ್ರಿ."